ಮಳೆ ಬರುವ ಮುನ್ನ ಮನೆಯ ಅಚ್ಚುಕಟ್ಟು



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಆದರೆ ಮನೆ ಕಟ್ಟುವುದು ಜನ್ಮಕ್ಕೊಮ್ಮೆ. ಕಟ್ಟಿದ ಮನೆಯನ್ನು ಒಪ್ಪವಾಗಿ ಇಟ್ಟುಕೊಳ್ಳುವುದು ದಿನದಿನದ ಕೆಲಸ. ಈ ಕೆಲಸ ಬಯಲುಸೀಮೆಯಲ್ಲಿ ಒಂದು ಬಗೆಯಾದರೆ ನಮ್ಮ ಕೊಡಗಿನಲ್ಲಿ ಮತ್ತೊಂದು ಬಗೆ. ಇಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ ೧೨೦ ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಈ ನಾಲ್ಕು ತಿಂಗಳು ನೆಲ ಬೆವರುತ್ತದೆ, ಗೋಡೆ ಹಸಿರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಮಕ್ಕಳ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ.

ಆದ್ದರಿಂದ ನಮ್ಮಲ್ಲಿ ಗೃಹಾಲಂಕಾರವೆಂದರೆ ಪೇಟೆಯಿಂದ ತಂದ ಬಣ್ಣದ ವಸ್ತುಗಳನ್ನು ಜೋಡಿಸುವುದಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ಒಣಗಿದ ಸ್ಥಳ, ಆ ಸ್ಥಳಕ್ಕೆ ಗಾಳಿ ಮತ್ತು ಬೆಳಕು, ಕತ್ತಲಲ್ಲಿ ಕೈಚಾಚಿದರೂ ಆ ವಸ್ತು ಸಿಗುವಂಥ ವ್ಯವಸ್ಥೆ: ಇವು ಮೂರು ಇದ್ದರೆ ಮನೆ ತಾನಾಗಿಯೇ ಚೆಂದವಾಗುತ್ತದೆ. ಇದಕ್ಕೆ ಹೆಚ್ಚು ಹಣ ಬೇಡ. ತೋಟದ ಬಿದಿರು, ಖಾಲಿ ಗೋಣಿಚೀಲ, ಕಾಫಿ ಗಿಡದ ಕೊಂಬೆ, ಹಳೆಯ ಸೀರೆ, ಸುಣ್ಣ, ತೆಂಗಿನ ಚಿಪ್ಪು, ಒಂದಿಷ್ಟು ಹಗ್ಗ ಮತ್ತು ಮೊಳೆ ಸಾಕು. ಬಿಸಿಲಿನ ತಿಂಗಳುಗಳಲ್ಲಿ ಬಿಡುವಾದಾಗ ಮಾಡಿಕೊಂಡರೆ ಮಳೆಗಾಲ ಸುಖವಾಗಿ ಕಳೆಯುವುದು.

ಹಿರಿಯರ ಮನೆಯಿಂದ ಕಲಿಯುವುದು

ನಮ್ಮ ಜಿಲ್ಲೆಯ ಹಳೆಯ ಐನ್‌ಮನೆಗಳನ್ನು ಗಮನಿಸಿ ನೋಡಿರಿ. ಮನೆಯ ಮುಂದೆ ಉದ್ದನೆಯ ಕೈಯಾಲೆ. ಅದರ ಕಂಬಗಳ ನಡುವೆ ಕೂರಲು ದಪ್ಪ ಹಲಗೆಯ ಐಮರ. ಒಳಗೆ ತೂಗುದೀಪವಿರುವ ನೆಲ್ಲಕ್ಕಿ ನಡುಬಾಡೆ. ಅಡಿಗೆಮನೆಯ ಒಲೆಯ ಮೇಲೆ ಅಟ್ಟ. ಇವುಗಳಲ್ಲಿ ಯಾವುದೂ ಬರಿಯ ಶೋಭೆಗಾಗಿ ಇಟ್ಟದ್ದಲ್ಲ. ಒದ್ದೆ ಕಾಲಿನವನು ಕೈಯಾಲೆಯಲ್ಲೇ ನಿಲ್ಲಬೇಕು, ಐಮರದಲ್ಲಿ ಕುಳಿತು ಕಾಲು ಒರೆಸಿಕೊಳ್ಳಬೇಕು, ಆಮೇಲೆ ಒಳಗೆ ಬರಬೇಕು. ಬಿತ್ತನೆ ಬೀಜ, ಬುಟ್ಟಿ, ಮೊರ, ಒಣಗಿಸಿದ ಪದಾರ್ಥಗಳು ಅಟ್ಟದ ಮೇಲೆ ಹೊಗೆಯಲ್ಲಿ ಇರಬೇಕು. ಉಪಯೋಗಕ್ಕಾಗಿ ಮಾಡಿದ್ದೇ ಅಲಂಕಾರವಾಯಿತು.

ಅಟ್ಟದ ವಿಷಯದಲ್ಲಿ ಈಗೊಂದು ಬದಲಾವಣೆ ಆಗಿದೆ. ೧೯೫೨ನೆಯ ಇಸವಿ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ನಮ್ಮ ದೇಶದಲ್ಲಿ ಆರಂಭವಾದಾಗಲೇ ಹೊಗೆಯಿಲ್ಲದ ಒಲೆಯ ಪ್ರಚಾರವೂ ಹಳ್ಳಿಗೆ ಬಂದಿತು. ಮುಂದೆ ೧೯೮೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು ರೂಪಿಸಿದ ಅಸ್ತ್ರ ಒಲೆ ಬಂದಿತು. ೨೦೧೬ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗೂ ಗ್ಯಾಸ್ ಒಲೆ ತಲಪಿತು. ಇದು ಬಹಳ ಒಳ್ಳೆಯದು. ಅಡಿಗೆಮನೆಯ ಹೊಗೆ ತಾಯಂದಿರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತಿತ್ತು. ಆದರೆ ಅದೇ ಹೊಗೆ ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿತ್ತು. ಅಟ್ಟವನ್ನು ಒಣಗಿಸಿ, ಬಿದಿರಿಗೆ ಕುಟ್ಟೆ ಹುಳು ಬೀಳದಂತೆ, ಬೀಜಕ್ಕೆ ನುಸಿ ಹತ್ತದಂತೆ ಕಾಯುತ್ತಿತ್ತು. ಹೊಗೆ ಹೋಯಿತು, ಅದು ಮಾಡುತ್ತಿದ್ದ ಕಾವಲು ಕೆಲಸ ಉಳಿಯಿತು. ಈಗ ಆ ಕೆಲಸವನ್ನು ನಮ್ಮ ಕೈಯಿಂದ ಮಾಡಬೇಕಾಗಿದೆ. ಈ ಲೇಖನದ ಬಹುಭಾಗ ಅದನ್ನೇ ಕುರಿತದ್ದು.

ಮೊದಲು ಬಿದಿರನ್ನು ಹದಮಾಡಿರಿ

ಕೈಕೆಲಸಕ್ಕೆಲ್ಲ ಬಿದಿರೇ ಮೂಲ. ಹದಮಾಡದ ಬಿದಿರಿನಿಂದ ಎಷ್ಟು ಅಂದವಾದ ಹಲಗೆ ಕಟ್ಟಿದರೂ ಎರಡು ವರ್ಷದಲ್ಲಿ ಅದರ ಕೆಳಗೆ ಹಳದಿ ಪುಡಿ ಉದುರುತ್ತದೆ. ಬಿದಿರಿನೊಳಗಿನ ಪಿಷ್ಟವನ್ನು ತಿನ್ನಲು ಬರುವ ಕುಟ್ಟೆ ಹುಳುವಿನ ಕೆಲಸ ಇದು. ಪಿಷ್ಟ ಕಡಿಮೆಯಿರುವ ಬಿದಿರನ್ನು ಆರಿಸಿದರೆ ಅರ್ಧ ಕೆಲಸ ಮುಗಿದಂತೆ.

ಮಳೆಗಾಲದಲ್ಲಿ ಕಣಿಲೆ ಮೇಲೇಳುವ ಸಮಯ; ಆಗ ಬಿದಿರು ಕಡಿಯಬಾರದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಡಿಯುವುದು ಉತ್ತಮ. ಮೂರು ವರ್ಷ ತುಂಬಿದ ಗಳುವನ್ನೇ ಆರಿಸಬೇಕು. ಎಳೆಯ ಗಳು ಹೊಳೆಯುತ್ತದೆ, ಗೆಣ್ಣಿನಲ್ಲಿ ಒಣ ಸಿಪ್ಪೆ ಅಂಟಿಕೊಂಡಿರುತ್ತದೆ. ಬಲಿತ ಗಳುವಿನ ಹೊಳಪು ಮಾಸಿ ಮೈಮೇಲೆ ಬಿಳಿಯ ಮಚ್ಚೆಗಳಿರುತ್ತವೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ಸ್ವಂತ ಜಮೀನಿನ ಬಿದಿರನ್ನೇ ಉಪಯೋಗಿಸಿರಿ. ಕಾಡಿನಿಂದ ತರುವುದು ಬೇಡ.

ಹದಮಾಡುವ ಕ್ರಮ ಎರಡು. ಖರ್ಚಿಲ್ಲದ್ದು ಮೊದಲನೆಯದು. ಕಡಿದ ಗಳುಗಳನ್ನು ಕೆರೆ ಅಥವಾ ತೋಡಿನ ನೀರಿನಲ್ಲಿ ಕಲ್ಲು ಹೇರಿ ನಾಲ್ಕರಿಂದ ಆರು ವಾರ ಮುಳುಗಿಸಿಡಬೇಕು. ಪಿಷ್ಟ ಕರಗಿ ಹೋಗುತ್ತದೆ. ಸ್ವಲ್ಪ ದುರ್ವಾಸನೆ ಬರುವುದರಿಂದ ಕುಡಿಯುವ ನೀರಿನ ಕೆರೆಯಲ್ಲಿ ಹಾಕಬಾರದು. ಎರಡನೆಯದು ಔಷಧದ ಕ್ರಮ. ೨೦ ಲೀಟರ್ ನೀರಿಗೆ ೬೦೦ ಗ್ರಾಂ ಬೋರಾಕ್ಸ್ ಮತ್ತು ೪೦೦ ಗ್ರಾಂ ಬೋರಿಕ್ ಆಮ್ಲ ಸೇರಿಸಿ ಕರಗಿಸಬೇಕು. ಬಿದಿರನ್ನು ಸೀಳಿ, ಈ ದ್ರಾವಣದಲ್ಲಿ ಒಂದು ವಾರ ಪೂರ್ತಿ ಮುಳುಗಿಸಿಟ್ಟು ತೆಗೆಯಬೇಕು. ಎರಡು ಕ್ರಮದಲ್ಲೂ ಆಮೇಲೆ ನೆರಳಿನಲ್ಲಿ ಒಣಗಿಸುವುದು ಅಗತ್ಯ. ಬಿಸಿಲಿನಲ್ಲಿ ಹಾಕಿದರೆ ಬಿರಿಯುತ್ತದೆ. ಔಷಧದ ನೀರನ್ನು ಮಕ್ಕಳು ಮತ್ತು ದನಗಳಿಂದ ದೂರವಿಡಿರಿ. ಮಳೆಯಲ್ಲಿ ನೆನೆದರೆ ಔಷಧ ತೊಳೆದುಹೋಗುವುದರಿಂದ ಅಂಥ ಬಿದಿರು ಮನೆಯೊಳಗಿನ ಕೆಲಸಕ್ಕೆ ಮಾತ್ರ. ಅಕ್ಕಿ, ಅನ್ನ, ತರಕಾರಿ ತಗಲುವ ಬುಟ್ಟಿ ಮೊರಗಳಿಗೆ ನೀರಿನಲ್ಲಿ ನೆನೆಸಿದ ಬಿದಿರೇ ಸರಿ.

ಕೈಯಾಲೆಯ ಗೂಟ ಮತ್ತು ಕಾಲಜಾಲರಿ

ಮನೆಯ ಒಳಗಿನ ತೇವದಲ್ಲಿ ಎಷ್ಟೋ ಪಾಲು ನಮ್ಮ ಮೈಮೇಲಿನಿಂದಲೇ ಒಳಗೆ ಬರುವುದು. ಒದ್ದೆ ಕೊಡೆ, ಮಳೆಕೋಟು, ಗೊರಬೆ, ಕಂಬಳಿ, ಕೆಸರಿನ ಬೂಟು ಇವನ್ನು ಬಾಗಿಲ ಹೊರಗೇ ನಿಲ್ಲಿಸಿದರೆ ಒಳಗಿನ ನೆಲ ಒಣಗಿರುತ್ತದೆ.

ಇದಕ್ಕೆ ಕಾಫಿ ಗಿಡವೇ ಒಳ್ಳೆಯ ಗೂಟ ಕೊಡುತ್ತದೆ. ಕಾಫಿಯ ಕಾಂಡದಲ್ಲಿ ರೆಂಬೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿ ಹೊರಡುತ್ತವೆಂಬುದು ನಿಮಗೆ ಗೊತ್ತಿದೆ. ಹಳೆಯ ರೊಬಸ್ಟಾ ಗಿಡ ಕಿತ್ತಾಗ ಅಥವಾ ಕಾಂಡ ಕಡಿದಾಗ ನೆಟ್ಟಗಿರುವ ಐದು ಅಡಿ ತುಂಡನ್ನು ತೆಗೆದಿಡಿರಿ. ರೆಂಬೆಗಳನ್ನು ನಾಲ್ಕು ಅಂಗುಲ ಬಿಟ್ಟು ಉಳಿದುದನ್ನು ಕತ್ತರಿಸಿ, ತೊಗಟೆ ಸುಲಿದು, ನೆರಳಿನಲ್ಲಿ ಒಂದು ತಿಂಗಳು ಒಣಗಿಸಿ, ಉಜ್ಜುಕಾಗದದಿಂದ ಉಜ್ಜಿದರೆ ನುಣುಪಾದ ಹೊಂಬಣ್ಣ ಬರುತ್ತದೆ. ದಪ್ಪ ಹಲಗೆಯ ಪೀಠಕ್ಕೆ ನಿಲ್ಲಿಸಿದರೆ ಕೊಡೆ ಕೋಟುಗಳ ಸ್ಟ್ಯಾಂಡ್ ಆಯಿತು. ಚಿಕ್ಕ ತುಂಡುಗಳನ್ನು ಹಲಗೆಗೆ ಬಡಿದರೆ ಗೋಡೆಯ ಗೂಟಗಳಾದವು. ಪೇಟೆಯ ಯಾವ ಸ್ಟ್ಯಾಂಡೂ ಇಷ್ಟು ಒಪ್ಪುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಬಿಳಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡದ ಕಟ್ಟಿಗೆಯನ್ನು ಇದಕ್ಕಾಗಿ ಮನೆಗೆ ತಂದಿಡಬಾರದು. ಒಳಗಿರುವ ಮರಿಗಳು ಬೆಳೆದು ದುಂಬಿಯಾಗಿ ಹೊರಬಂದು ಮತ್ತೆ ತೋಟಕ್ಕೆ ಹಾರುತ್ತವೆ. ಅಂಥ ಗಿಡವನ್ನು ಗುರುತಿಸಿ ಕಿತ್ತು ಸುಡುವುದೇ ಕ್ರಮ. ಕಾಂಡದ ಮೇಲೆ ಉಂಗುರದಂತೆ ಉಬ್ಬು ಇದ್ದರೆ ಅದನ್ನು ಬಿಟ್ಟುಬಿಡಿರಿ.

ಗೂಟದ ಕೆಳಗೆ ಬಿದಿರಿನ ಕಾಲಜಾಲರಿ ಇರಲಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಅರ್ಧ ಅಂಗುಲ ಸಂದು ಬಿಟ್ಟು ಬಿದಿರು ಸೀಳುಗಳನ್ನು ಎರಡು ಅಡ್ಡ ಮರದ ಮೇಲೆ ಬಡಿಯಬೇಕು. ಕೆಸರೂ ನೀರೂ ಕೆಳಗೆ ಇಳಿಯುತ್ತವೆ, ಬೂಟು ಮೇಲೆ ಒಣಗುತ್ತದೆ. ಪಕ್ಕದಲ್ಲಿ ಒಂದು ಚಿಪ್ಪಿನಲ್ಲಿ ಉಪ್ಪು ಇಟ್ಟರೆ ತೋಟದಿಂದ ಬಂದವರ ಕಾಲಿನ ಜಿಗಣೆ ಒಳಗೆ ಬರುವುದಿಲ್ಲ. ಬೂಟು ಹಾಕುವ ಮುನ್ನ ಪ್ರತಿಸಲವೂ ಬೋರಲು ಹಾಕಿ ಕೊಡವುವ ಅಭ್ಯಾಸ ಮಕ್ಕಳಿಗೂ ಆಗಲಿ. ಮಳೆಗಾಲದಲ್ಲಿ ಹಾವು ಚೇಳುಗಳೂ ಒಣ ಜಾಗವನ್ನೇ ಹುಡುಕುತ್ತವೆ.

ಗೋಣಿಚೀಲದ ಗೋಡೆಜೇಬು

ಕಾಫಿ ಮಾರಿದ ಮೇಲೆ ಹರಿದ ಗೋಣಿಚೀಲಗಳು ಮೂಲೆಯಲ್ಲಿ ಬಿದ್ದು ಇಲಿಗೆ ಗೂಡಾಗುತ್ತವೆ. ಅವುಗಳಲ್ಲಿ ಒಂದನ್ನು ಒಗೆದು ಒಣಗಿಸಿ ಎರಡು ಅಡಿ ಅಗಲ, ಮೂರು ಅಡಿ ಉದ್ದದ ತುಂಡು ಕತ್ತರಿಸಿರಿ. ಇನ್ನೊಂದು ಚೀಲದಿಂದ ಎಂಟು ಅಂಗುಲ ಅಗಲದ ಮೂರು ಪಟ್ಟಿ ತೆಗೆದು ಅಡ್ಡಲಾಗಿ ಹೊಲಿಯಿರಿ. ಒಂದೊಂದು ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ಎರಡು ಹೊಲಿಗೆ ಹಾಕಿ ಮೂರು ಭಾಗ ಮಾಡಿದರೆ ಒಟ್ಟು ಒಂಬತ್ತು ಜೇಬುಗಳಾದವು. ಅಂಚಿಗೆ ಹಳೆಯ ಸೀರೆಯ ಸೆರಗಿನಿಂದ ಪಟ್ಟಿ ಕೊಟ್ಟರೆ ನೂಲು ಬಿಚ್ಚಿಕೊಳ್ಳುವುದಿಲ್ಲ, ನೋಡಲೂ ಚೆಂದ.

ಮೇಲಂಚನ್ನು ಮಡಿಸಿ ಹೊಲಿದು ಒಳಗೆ ಬಿದಿರಿನ ಕೋಲು ತೂರಿಸಿ ತೂಗುಹಾಕಬೇಕು. ಕೋಲಿನ ಎರಡು ತುದಿಗೂ ಎರಡಂಗುಲ ದಪ್ಪದ ಮರದ ತುಂಡು ಇಟ್ಟರೆ ಜೇಬು ಗೋಡೆಗೆ ತಾಗದೆ ಹಿಂದೆ ಗಾಳಿಯಾಡುತ್ತದೆ. ಇದನ್ನು ಮರೆಯಬೇಡಿರಿ. ನಮ್ಮ ಮಳೆಯಲ್ಲಿ ಗೋಡೆಗೆ ಅಂಟಿಕೊಂಡ ಬಟ್ಟೆಯೂ ಕಾಗದವೂ ಬೂಷ್ಟು ಹಿಡಿಯದೆ ಇರುವುದಿಲ್ಲ.

ಒಂದೊಂದು ಜೇಬಿಗೆ ಒಂದೊಂದು ಕೆಲಸ ಗೊತ್ತುಮಾಡಿರಿ. ಬಾಚಣಿಗೆ, ಕತ್ತರಿ ಮತ್ತು ಸೂಜಿದಾರ, ವಿದ್ಯುತ್ ಬಿಲ್ಲು, ಮಕ್ಕಳ ಪೆನ್ಸಿಲು, ಚಾಕು ಮತ್ತು ಸ್ಕ್ರೂಡ್ರೈವರು, ಗಾಯಕ್ಕೆ ಕಟ್ಟುವ ಬಟ್ಟೆ. ಮೇಲಿನ ಸಾಲಿನ ಬಲತುದಿ ಟಾರ್ಚಿಗೆ ಮೀಸಲು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ರಾತ್ರಿ ಮನೆಯ ಯಾರು ಎದ್ದರೂ ಕೈ ನೇರವಾಗಿ ಅಲ್ಲಿಗೇ ಹೋಗಬೇಕು. ಬೆಂಕಿಪೆಟ್ಟಿಗೆಯನ್ನು ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ನಾಲ್ಕು ಕಾಳು ಹುರಿದ ಅಕ್ಕಿಯೊಂದಿಗೆ ಇಟ್ಟರೆ ಕಕ್ಕಡ ತಿಂಗಳಲ್ಲೂ ಕಡ್ಡಿ ಹೊತ್ತುತ್ತದೆ.

ತೋಟದ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ನಡೆಸುವವರಿಗೆ ಈ ಗೋಡೆಜೇಬು ಅತ್ಯಂತ ಉಪಯುಕ್ತ. ನೆಲದ ಮೇಲೆ ಇರುವುದೆಲ್ಲ ಗೋಡೆಗೆ ಏರಿದರೆ ಮಕ್ಕಳಿಗೆ ಮಲಗಲು ಎರಡು ಚಾಪೆಯ ಜಾಗ ಹೆಚ್ಚಾಗುತ್ತದೆ.

ತೂಗುಹಲಗೆ ಮತ್ತು ಚೀಲದ ಮಂಚ

ಎರಡೂವರೆ ಅಡಿ ಉದ್ದ, ಎಂಟು ಅಂಗುಲ ಅಗಲದ ಹಲಗೆಯ ನಾಲ್ಕು ಮೂಲೆಗೂ ಅಂಚಿನಿಂದ ಒಂದಂಗುಲ ಒಳಗೆ ತೂತು ಕೊರೆದು, ಹಗ್ಗ ಪೋಣಿಸಿ, ಕೆಳಗೆ ಗಂಟು ಹಾಕಿ ತೊಲೆಗೆ ಕಟ್ಟಿದರೆ ತೂಗುಹಲಗೆಯಾಯಿತು. ಒಂದರ ಕೆಳಗೆ ಒಂದಡಿ ಬಿಟ್ಟು ಇನ್ನೊಂದನ್ನೂ ಕಟ್ಟಬಹುದು. ಹಲಗೆ ಸಿಗದಿದ್ದರೆ ಬಿದಿರು ಸೀಳುಗಳನ್ನು ಒತ್ತಾಗಿ ಹೆಣೆದರೂ ಆದೀತು. ಸಾರಿನ ಪುಡಿ, ಬೆಲ್ಲ, ಹಾಲಿನ ಪಾತ್ರೆ ಇಡಲು ಇದು ಅನುಕೂಲ.

ಆದರೆ ಹಗ್ಗದ ಮೇಲೆ ಇಲಿ ಇಳಿಯುತ್ತದೆಯಲ್ಲ ಎಂದು ಕೇಳಬಹುದು. ಅರ್ಧ ತೆಂಗಿನ ಚಿಪ್ಪಿನ ಕಣ್ಣಿಗೆ ತೂತು ಮಾಡಿ, ಬೋರಲಾಗಿ ಹಗ್ಗಕ್ಕೆ ಪೋಣಿಸಿ, ಕೆಳಗೆ ಒಂದು ಗಂಟು ಹಾಕಿರಿ. ಚಿಪ್ಪು ದೊಡ್ಡದಾಗಿ, ನುಣುಪಾಗಿ ಇದ್ದರೆ ಇಲಿಗೆ ದಾಟುವುದು ಕಷ್ಟ. ಚಿಪ್ಪನ್ನು ಉಜ್ಜಿ ಕೊಬ್ಬರಿ ಎಣ್ಣೆ ಸವರಿದರೆ ಕರಿಮರದಂತೆ ಹೊಳೆದು ಹಲಗೆಗೆ ಶೋಭೆಯನ್ನೂ ಕೊಡುತ್ತದೆ.

ಅಕ್ಕಿ, ಭತ್ತ, ಕರಿಮೆಣಸು ತುಂಬಿದ ಚೀಲಗಳಿಗೆ ನೆಲದಿಂದ ಆರು ಅಂಗುಲ ಎತ್ತರದ ಬಿದಿರು ಮಂಚ ಕಟ್ಟಿರಿ. ಗೋಡೆಯಿಂದ ಒಂದೂವರೆ ಅಡಿ ದೂರವಿರಲಿ. ಪೊರಕೆ ಹಿಡಿದು ಸುತ್ತಲೂ ಗುಡಿಸಲು ಬರಬೇಕು. ನೆಲಕ್ಕೆ ತಾಗಿದ ಚೀಲ ತೇವವನ್ನು ಬತ್ತಿಯಂತೆ ಎಳೆದುಕೊಳ್ಳುತ್ತದೆ. ಬಿತ್ತನೆ ಭತ್ತವನ್ನು ಇಡುವ ಮುನ್ನ ಎರಡು ಕಾಳು ಹಲ್ಲಿನಲ್ಲಿ ಕಡಿದು ನೋಡಿರಿ. "ಕಟ್" ಎಂದು ಸದ್ದು ಬಂದು ಮುರಿದರೆ ಒಣಗಿದೆ. ಒತ್ತಿ ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು.

ಇಲಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದು ತಿನ್ನುವ ಅಕ್ಕಿಗಿಂತ ಅದರ ಮೂತ್ರ ಹೆಚ್ಚು ಅಪಾಯ. ಇಲಿಜ್ವರದ ರೋಗಾಣು ಇಲಿಯ ಮೂತ್ರದಿಂದ ಒದ್ದೆ ಮಣ್ಣಿಗೂ ನೀರಿಗೂ ಸೇರಿ, ನಮ್ಮ ಕಾಲಿನ ಗಾಯದ ಮೂಲಕ ಮೈಗೆ ಹೊಗುತ್ತದೆ. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೂಲೆಯ ಹಳೆಯ ಚೀಲ, ರದ್ದಿ, ಮುರಿದ ಬುಟ್ಟಿಗಳನ್ನು ತೆಗೆದುಹಾಕಿದರೆ ಇಲಿಗೆ ಮನೆಯಿಲ್ಲದಂತಾಗುತ್ತದೆ.

ಬಟ್ಟೆ ಒಣಗಿಸುವ ಬಿದಿರು ಏಣಿ

ಆರು ಅಡಿ ಉದ್ದದ ಎರಡು ಬಿದಿರು, ಅವುಗಳ ನಡುವೆ ಎರಡು ಅಡಿಯ ಐದು ಅಡ್ಡಕೋಲು. ಈ ಏಣಿಯನ್ನು ಮಲಗಿಸಿ ನಾಲ್ಕು ಮೂಲೆಗೂ ಹಗ್ಗ ಕಟ್ಟಿ, ಹಗ್ಗಗಳನ್ನು ಒಂದುಗೂಡಿಸಿ, ತೊಲೆಯಲ್ಲಿನ ರಾಟೆಯ ಮೂಲಕ ಇಳಿಬಿಟ್ಟರೆ ಕೆಳಗಿಳಿಸಿ ಬಟ್ಟೆ ಹರವಿ ಮೇಲೇರಿಸಬಹುದು. ಬಿಸಿಗಾಳಿ ಮೇಲಕ್ಕೇ ಏರುವುದರಿಂದ ಹಗ್ಗದ ಮೇಲೆ ಹಾಕಿದ್ದಕ್ಕಿಂತ ಬೇಗ ಒಣಗುತ್ತದೆ. ಬಚ್ಚಲಿನ ಹಂಡೆ ಒಲೆಗೆ ಹೊಂದಿದ ಒಣ ಓಣಿಯಲ್ಲಿ ಇದನ್ನು ಕಟ್ಟುವುದು ಅತ್ಯುತ್ತಮ.

ಸೌದೆ ಒಲೆ ಇರುವಲ್ಲಿ ಬಟ್ಟೆಗೂ ಬೆಂಕಿಗೂ ಕನಿಷ್ಠ ಐದು ಅಡಿ ಅಂತರವಿರಲಿ; ನೈಲಾನ್ ಬಟ್ಟೆ ಹಾಕಲೇಬಾರದು. ಗ್ಯಾಸ್ ಒಲೆಯ ಮೇಲೆ ಯಾವ ಬಟ್ಟೆಯನ್ನೂ ತೂಗಬಾರದು. ಬಟ್ಟೆ ಒಣಗಲೆಂದೋ ಚಳಿಗೆಂದೋ ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗುವುದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಬರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ.

ಸುಣ್ಣ, ಕೆಮ್ಮಣ್ಣು, ಹೂ

ಇನ್ನು ಬಣ್ಣದ ಮಾತು. ಮಣ್ಣಿನ ಗೋಡೆಗೂ ಜಂಬಿಟ್ಟಿಗೆ ಗೋಡೆಗೂ ಎಣ್ಣೆಬಣ್ಣ ಬಳಿದರೆ ಒಳಗಿನ ತೇವ ಹೊರಬರಲಾರದೆ ಬಣ್ಣ ಗುಳ್ಳೆಯೆದ್ದು ಚಕ್ಕೆಯಾಗಿ ಕಳಚುತ್ತದೆ. ಅಂಥ ಗೋಡೆಗೆ ಸುಣ್ಣವೇ ಯೋಗ್ಯ. ಸುಣ್ಣದ ಗೋಡೆ ಉಸಿರಾಡುತ್ತದೆ. ಬೂಷ್ಟು ಸುಲಭವಾಗಿ ಹಿಡಿಯದು. ಕತ್ತಲೆಯ ದಿನಗಳಲ್ಲಿ ಕೋಣೆಗೆ ಬೆಳಕು ಕೊಡುತ್ತದೆ. ಒಂದು ಕಿಲೋ ಸುಣ್ಣಕ್ಕೆ ಐದು ಲೀಟರ್ ನೀರಿನ ಲೆಕ್ಕದಲ್ಲಿ ಒಂದು ದಿನ ನೆನೆಯಿಟ್ಟು, ತೆಳುಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ, ಒಂದು ಕೈ ಒಣಗಿದ ಮೇಲೆ ಇನ್ನೊಂದರಂತೆ ಎರಡು ಮೂರು ಕೈ ತೆಳುವಾಗಿ ಬಳಿಯಬೇಕು. ಏಪ್ರಿಲ್ ತಿಂಗಳು ಇದಕ್ಕೆ ಹದ. ಸುಣ್ಣ ಅರಳಿಸುವಾಗ ಕುದಿದು ಸಿಡಿಯುವುದರಿಂದ ಮಕ್ಕಳು ಹತ್ತಿರ ಇರಬಾರದು. ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಗೋಡೆಯ ಬುಡಕ್ಕೆ ಒಂದಡಿ ಎತ್ತರ ಕೆಮ್ಮಣ್ಣಿನ ಪಟ್ಟಿ ಹೊಡೆದರೆ ಕೆಸರು ಸಿಡಿದದ್ದು ಕಾಣುವುದಿಲ್ಲ. ಈ ಪಟ್ಟಿಯ ಮೇಲಂಚಿಗೆ ಮಕ್ಕಳ ಕೈಯಿಂದ ಬಿಳಿಯ ಚಿತ್ತಾರ ಹಾಕಿಸಿರಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನಾಡಿಗೆಲ್ಲ ಹೆಸರಾಗಿದೆ. ಅಲ್ಲಿ ಬಿಳಿಗೆ ಅಕ್ಕಿಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಸುಟ್ಟ ಅಕ್ಕಿ, ಕುಂಚಕ್ಕೆ ಪುಂಡಿನಾರು. ಇವೆಲ್ಲ ಹಿತ್ತಲಿನ ವಸ್ತುಗಳೇ. ಅವರ ಚಿತ್ರವನ್ನೇ ನಕಲು ಮಾಡಬೇಕೆಂದಿಲ್ಲ. ಭತ್ತದ ತೆನೆ, ಕಾಫಿ ಹೂವಿನ ಗೊಂಚಲು, ಮೆಣಸಿನ ಬಳ್ಳಿ ನಮ್ಮ ಮಕ್ಕಳ ಕಣ್ಣಮುಂದೆಯೇ ಇವೆ.

ಹೂವಿಗಾಗಿ ದುಡ್ಡು ಕೊಡಬೇಕಾಗಿಲ್ಲ. ಮಳೆಗೆ ಮುಂಚೆ ತೋಟದಲ್ಲಿ ನೆರಳು ಕಡಿಯುವಾಗ ಹಾಲುವಾಣದ ಕೊಂಬೆಗಳೊಂದಿಗೆ ಸೀತಾಳೆಯ ಗಿಡಗಳೂ ನೆಲಕ್ಕೆ ಬೀಳುತ್ತವೆ. ಬಿಟ್ಟರೆ ಕೊಳೆತುಹೋಗುವ ಅವನ್ನು ಎತ್ತಿ ತಂದು, ತೊಗಟೆಯಿರುವ ಮರದ ತುಂಡಿಗೆ ತೆಂಗಿನ ನಾರಿನಿಂದ ಕಟ್ಟಿ ಕೈಯಾಲೆಯ ಅಂಚಿನಲ್ಲಿ ತೂಗುಹಾಕಿರಿ. ಬೇರಿಗೆ ಮಣ್ಣು ಬೇಡ. ಗಾಳಿ ಮತ್ತು ಮಂಜಿನ ತೇವ ಸಾಕು. ಬೇರು ಹಿಡಿದರೆ ಮುಂದೆ ಮುಂಗಾರಿನ ಹೊತ್ತಿಗೆ ನರಿಬಾಲದಂಥ ಹೂಗೊಂಚಲು ಇಳಿಬೀಳುತ್ತದೆ. ಆದರೆ ಮರದ ಮೇಲೆ ಚೆನ್ನಾಗಿರುವ ಗಿಡವನ್ನು ಕಿತ್ತು ತರಬೇಡಿರಿ. ಕೈಲ್‌ಪೊಳ್ದಿಗೆ ತೋಕ್ ಪೂ, ಪುತ್ತರಿಗೆ ಕಂಬಕ್ಕೂ ದೀಪಕ್ಕೂ ಕಟ್ಟುವ ಕದಿರು, ಇವು ನಮ್ಮ ಮನೆಗೆ ಋತು ತಾನೇ ತಂದುಕೊಡುವ ಅಲಂಕಾರ. ತೋಕ್ ಪೂವಿನ ಗೆಡ್ಡೆ ವಿಷವಾದುದರಿಂದ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿರಿ.

ವಿಷಕ್ಕೆ ಬೇರೆ ಪೆಟ್ಟಿಗೆ

ಮೈಲುತುತ್ತ, ಕೀಟನಾಶಕ, ಕಳೆನಾಶಕಗಳನ್ನು ಅಡಿಗೆಮನೆಯ ಹಲಗೆಯ ಮೇಲೆ ಅಥವಾ ಮಂಚದ ಕೆಳಗೆ ಇಡುವ ರೂಢಿಯನ್ನು ಇಂದೇ ಬಿಡಬೇಕು. ಹಳೆಯ ಹಲಗೆಗಳಿಂದ ಒಂದು ಪೆಟ್ಟಿಗೆ ಮಾಡಿ, ಬೀಗ ಹಾಕಿ, ವಾಸದ ಮನೆಯಿಂದ ಹೊರಗೆ ಮಳೆ ತಾಗದ ಕೊಟ್ಟಿಗೆಯಲ್ಲಿ ಐದಡಿ ಎತ್ತರಕ್ಕೆ ಬಡಿಯಿರಿ. ದನದ ಮೇವು, ಹಿಂಡಿ ಹತ್ತಿರ ಇರಬಾರದು. ಔಷಧವನ್ನು ಅದರದೇ ಬಾಟಲಿಯಲ್ಲಿ ಚೀಟಿಯೊಂದಿಗೆ ಇಡಬೇಕು. ಪಾನೀಯದ ಬಾಟಲಿಗೆ ಎಂದಿಗೂ ತುಂಬಬಾರದು. ಬಾಯಾರಿದ ಮಗು ಬಾಟಲಿಯ ಆಕಾರವನ್ನು ನೋಡುತ್ತದೆಯೇ ಹೊರತು ಚೀಟಿಯನ್ನು ಓದುವುದಿಲ್ಲ. ಕೋವಿ ಇರುವ ಮನೆಗಳಲ್ಲಿಯೂ ಹೀಗೆಯೇ. ಕೋವಿ ಗೋಡೆಯ ಅಲಂಕಾರವಲ್ಲ. ಅದು ಬೀಗದೊಳಗೆ, ತೋಟಾ ಬೇರೆ ಬೀಗದೊಳಗೆ.

ಕಾಗದಪತ್ರಗಳ ಚೀಲ

ಕೊನೆಯದಾಗಿ ಹೇಳಿದರೂ ಇದನ್ನು ಮೊದಲು ಮಾಡಬೇಕು. ೨೦೧೮ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಜರಿದಾಗ ಸಾವಿರಾರು ಮಂದಿ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದರು. ೨೦೧೯ರ ಆಗಸ್ಟಿನಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ, ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಮನೆ ಬಿಡಬೇಕಾದ ರಾತ್ರಿ ಬೀರು ತೆರೆದು ಕಾಗದ ಹುಡುಕಲು ಸಮಯವಿರುವುದಿಲ್ಲ. ಹುಡುಕುತ್ತ ನಿಲ್ಲಲೂ ಬಾರದು. ಆದರೆ ಪಹಣಿ, ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕ, ಮಕ್ಕಳ ಅಂಕಪಟ್ಟಿ ಇಲ್ಲದೆ ಮುಂದಿನ ದಿನಗಳು ಬಹಳ ಕಷ್ಟ.

ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಳಗೆ ಕೊಟ್ಟು ಗಟ್ಟಿ ಬಟ್ಟೆಯಿಂದ ಒಂದು ಹೆಗಲುಚೀಲ ಹೊಲಿಯಿರಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ ಸಾಕು. ಒಂದೊಂದು ಕಾಗದವನ್ನೂ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಎಲ್ಲವನ್ನೂ ಬಾಯಿ ಭದ್ರವಾಗಿ ಮುಚ್ಚುವ ಡಬ್ಬಿಯಲ್ಲಿ ಇಟ್ಟು ಚೀಲಕ್ಕೆ ಸೇರಿಸಿರಿ. ಒಂದು ಹಿಡಿ ಅಕ್ಕಿಯನ್ನು ಕೆಂಪಗೆ ಹುರಿದು, ತಣಿದೊಡನೆ ತೆಳುಬಟ್ಟೆಯ ಗಂಟು ಕಟ್ಟಿ ಡಬ್ಬಿಯೊಳಗಿಟ್ಟರೆ ಒಳಗಿನ ತೇವವನ್ನು ಹೀರುತ್ತದೆ. ತಿಂಗಳಿಗೊಮ್ಮೆ ಮತ್ತೆ ಹುರಿದಿಡಿರಿ. ಜೊತೆಗೆ ಟಾರ್ಚು, ಸೀಟಿ, ದಿನಾ ನುಂಗುವ ಮಾತ್ರೆಗಳು, ಸ್ವಲ್ಪ ಹಣ, ದೂರವಾಣಿ ಸಂಖ್ಯೆಗಳನ್ನು ಬರೆದ ಹಾಳೆ ಇರಲಿ. ಫೋನು ಸತ್ತಾಗ ನೆನಪಿನಲ್ಲಿ ಯಾವ ಸಂಖ್ಯೆಯೂ ಇರುವುದಿಲ್ಲ. ಕಾಗದಗಳ ಚಿತ್ರ ತೆಗೆದು ಬೇರೆ ಊರಿನ ನಂಟರಿಗೆ ಕಳುಹಿಸಿಡುವುದೂ ಜಾಣತನ.

ಜೂನ್ ಒಂದರಿಂದ ಈ ಚೀಲ ಹೊರಬಾಗಿಲ ಪಕ್ಕದ ಗೂಟದಲ್ಲೇ ತೂಗಬೇಕು. ಅದನ್ನು ತೆಗೆದುಕೊಳ್ಳುವವರು ಯಾರು, ಅಜ್ಜಿಯ ಕೈಹಿಡಿಯುವವರು ಯಾರು, ದನಗಳ ಹಗ್ಗ ಬಿಚ್ಚುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ. ಗುಡ್ಡದ ಬದಿಯಲ್ಲಿ ಹೊಸ ಬಿರುಕು ಕಂಡರೆ, ಮರಗಳು ವಾಲಿದರೆ, ತೋಡಿನ ನೀರು ಒಮ್ಮೆಗೇ ಕೆಂಪಾದರೆ ಅಥವಾ ನಿಂತರೆ, ಚೀಲ ಕೈಗೆ ಸಿಕ್ಕದಿದ್ದರೂ ಸರಿ, ಹೊರಡಿರಿ. ಕಾಗದ ಮತ್ತೆ ಮಾಡಿಸಬಹುದು.

ಕೆಲಸ ಎಲ್ಲರದು

ಮನೆಯ ಓರಣ ಹೆಂಗಸರ ಕೆಲಸವೆಂದು ಗಂಡಸರು ಕೈಯಾಲೆಯಲ್ಲಿ ಕುಳಿತರೆ ಮೇಲಿನ ಯಾವುದೂ ನಡೆಯದು. ಬಿದಿರು ಕಡಿಯುವುದು, ಹಲಗೆ ಕೊರೆಯುವುದು, ಮಂಚ ಕಟ್ಟುವುದು ಗಂಡಸರಿಗಿರಲಿ. ಹೊಲಿಗೆ ಬಲ್ಲವರು ಯಾರಾದರೂ ಹೊಲಿಯಲಿ. ಸುಣ್ಣದ ಕೆಲಸಕ್ಕೆ ನಾಲ್ಕು ಮನೆಯವರು ಸರದಿಯ ಮೇಲೆ ಸೇರಿದರೆ ಒಂದೊಂದು ಮನೆಗೆ ಒಂದೊಂದು ದಿನ ಸಾಕು. ಗದ್ದೆ ನಾಟಿಗೆ ಮುಯ್ಯಾಳು ಸೇರುವ ನಮಗೆ ಇದೇನೂ ಹೊಸತಲ್ಲ. ಸ್ವಸಹಾಯ ಸಂಘದ ತಾಯಂದಿರು ಗೋಡೆಜೇಬು, ಹೆಗಲುಚೀಲಗಳನ್ನು ಒಟ್ಟಾಗಿ ಹೊಲಿದರೆ ಲೈನ್ ಮನೆಯವರಿಗೂ ಒದಗಿಸಬಹುದು.

ಕಾಲಕ್ರಮ ಹೀಗಿರಲಿ:

೧. ಡಿಸೆಂಬರಿನಿಂದ ಫೆಬ್ರವರಿ: ಬಿದಿರು ಕಡಿದು ನೀರಿಗೆ ಹಾಕುವುದು.
೨. ಮಾರ್ಚ್: ಕಾಫಿ ಕೊಂಬೆ ಒಣಗಿಸುವುದು, ಗೋಣಿಚೀಲ ಒಗೆಯುವುದು, ಮೂಲೆಗಳ ರದ್ದಿ ತೆಗೆಯುವುದು.
೩. ಏಪ್ರಿಲ್: ಸುಣ್ಣ, ಕೆಮ್ಮಣ್ಣು; ಹಲಗೆ, ಮಂಚ, ಏಣಿ ಕಟ್ಟುವುದು.
೪. ಮೇ: ಹೆಂಚು ನೋಡುವುದು, ಚರಂಡಿ ಬಿಡಿಸುವುದು, ಸೌದೆ ಒಳಗಿಡುವುದು, ಕಾಗದದ ಚೀಲ ತುಂಬುವುದು.

ಎಲ್ಲವನ್ನೂ ಒಂದೇ ವರ್ಷ ಮಾಡಬೇಕೆಂದಿಲ್ಲ. ಈ ವರ್ಷ ಕಾಗದದ ಚೀಲ, ವಿಷದ ಪೆಟ್ಟಿಗೆ, ಅಕ್ಕಿಚೀಲದ ಮಂಚ ಈ ಮೂರನ್ನು ಮಾಡಿರಿ. ಉಳಿದವು ಬರುವ ವರ್ಷಕ್ಕಿರಲಿ. ಮಾಡಿದವರು ತಮ್ಮ ನೆರೆಯವರಿಗೆ ತೋರಿಸಲಿ. ಹೊರಗೆ ಮಳೆ ಎಷ್ಟೇ ಸುರಿಯಲಿ, ಒಳಗೆ ನೆಲ ಒಣಗಿದ್ದು, ಬೀಜ ಗಟ್ಟಿಯಾಗಿದ್ದು, ಮಕ್ಕಳ ಅಂಗಿ ಬೆಚ್ಚಗಿದ್ದರೆ ಆ ಮನೆಯೇ ಅಲಂಕೃತ ಗೃಹ.